ಎರಡು ಲೀಟರಿನಲ್ಲಿ ಸೋಸಲೆಗೆ

ಪೆಟ್ರೋಲಿನ ಬೆಲೆ ಇಳಿಸುವುದು ದೆಹಲಿಯಲ್ಲಿ ಕುಳಿತವರಿಂದ ಆಗದಿದ್ದರೆ ಬೇಡ, ನಂಜನಗೂಡಿನಲ್ಲಿ ಕುಳಿತ ನಾನು ಪೆಟ್ರೋಲಿನ ಖರ್ಚನ್ನೇ ಇಳಿಸಿ ತೋರಿಸುತ್ತೇನೆ ಎಂದು ೨೦೦೫ರ ಡಿಸೆಂಬರಿನ ಒಂದು ಸಂಜೆ ಘೋಷಿಸಿದೆ. ಘೋಷಣೆ ಕೇಳಿಸಿದ್ದು ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಕೋಮಲಳಿಗೆ ಮತ್ತು ಬಾಗಿಲ ಮುಂದೆ ನಿಂತಿದ್ದ ನನ್ನ ಕೆಂಪು ಕಾರಿಗೆ. ಕಾರು ಸುಮ್ಮನಿತ್ತು. ಕೋಮಲ ಸುಮ್ಮನಿರಲಿಲ್ಲ.

"ಮಾರ್ಬಿಡಿ ಅಂತ ಆರು ತಿಂಗಳಿಂದ ಹೇಳ್ತಿದೀನಿ ಕಣ್ರೀ. ಲೀಟ್ರಿಗೆ ಎಂಟು ಕಿಲೋಮೀಟ್ರು ಓಡೋ ಕಾರು ಯಾರಾದ್ರೂ ಇಟ್ಕೊತಾರಾ? ನರಸೀಪುರಕ್ಕೆ ಬಸ್ಸಿಲ್ವಾ?"

ನನ್ನನ್ನು ಅಂದರೆ ಸಹಿಸಿಕೊಳ್ಳುತ್ತೇನೆ. ತಿರುಮಕೂಡಲು ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ ನಾನು, ಅನ್ನಿಸಿಕೊಂಡು ಅಭ್ಯಾಸವಿದೆ. ಕಾರನ್ನು ಅಂದರೆ ಮಾತ್ರ ಮೈ ಉರಿಯುತ್ತದೆ. ಅದೇನು ಸಾಮಾನ್ಯ ಕಾರೇ? ಮೈಸೂರಿನ ಡಾಕ್ಟರೊಬ್ಬರ ಮಗ ಕಾಲೇಜಿಗೆ ಹೋಗಲೆಂದು ಇಟ್ಟುಕೊಂಡಿದ್ದ ಕಾರು. ಎರಡೇ ಬಾಗಿಲು, ಅಗಲ ಟೈರು, ಹಿಂದೆ ಡಿಕ್ಕಿಯ ಮೇಲೊಂದು ರೆಕ್ಕೆ. ಹತ್ತು ವರ್ಷ ಹಳೆಯದಾದರೂ ಸ್ಟಾರ್ಟ್ ಮಾಡಿದರೆ ಬೀದಿಯ ಕೊನೆಯ ಮನೆಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಬೈಯುವುದಕ್ಕೆ ಬರುತ್ತಿದ್ದರು ಎಂದು ಕೋಮಲ ಹೇಳುತ್ತಾಳೆ, ಅದು ಅವಳ ಅಭಿಪ್ರಾಯ.

ಕೊನೆಗೆ ಅವಳೇ ಷರತ್ತು ಹಾಕಿದಳು. "ಟ್ಯಾಂಕು ಪೂರ್ತಿ ಖಾಲಿ ಮಾಡಿ, ಎರಡೇ ಎರಡು ಲೀಟ್ರು ಹಾಕಿ. ಅಷ್ಟರಲ್ಲಿ ಸೋಸಲೇಲಿ ನಮ್ಮಪ್ಪನ ಮನೆ ಬಾಗ್ಲಿಗೆ ಹೋಗಿ ನಿಲ್ಬೇಕು. ನಿಂತ್ರೆ ಕಾರು ನಿಮ್ಮದು, ನಾನಿನ್ನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಆ ವಾರನೇ ಮಾರ್ಬೇಕು. ತೀರ್ಪು ನಮ್ಮಪ್ಪನದು."

ಅವಳಪ್ಪ ಚಲುವಯ್ಯನವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿ, ಈಗ ಸೋಸಲೆಯಲ್ಲಿ ಹೊಲ ನೋಡಿಕೊಂಡಿದ್ದಾರೆ. ನ್ಯಾಯಾಧೀಶರು ಹೆಣ್ಣಿನ ಕಡೆಯವರು ಎಂಬುದೇ ಮೊದಲನೆಯ ಅನ್ಯಾಯ. ಆದರೂ ಒಪ್ಪಿಕೊಂಡೆ. ನಂಜನಗೂಡಿನಿಂದ ಸೋಸಲೆಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಅಂದರೆ ಕಾರಿನ ಕುಡಿತವನ್ನು ಅರ್ಧಕ್ಕೆ ಇಳಿಸಬೇಕು. ಮನುಷ್ಯರ ಕುಡಿತವನ್ನೇ ಬಿಡಿಸುವ ಶಿಬಿರಗಳಿರುವಾಗ ಇದೇನು ಮಹಾ!

ಮರುದಿನವೇ ಊಟಿ ರಸ್ತೆಯ ಮೆಕ್ಯಾನಿಕ್ ಶಿವಮಲ್ಲಪ್ಪನ ಮುಂದೆ ಕಾರು ನಿಲ್ಲಿಸಿದೆ. ಅವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೈ ಒರೆಸಿಕೊಂಡು ಹೇಳಿದ.

"ಪೆಟ್ರೋಲ್ ಕುಡಿಯೋದು ಇಂಜಿನ್ ಅಲ್ಲ ಸಾ. ಬಾರ ಕುಡೀತದೆ, ಗಾಳಿ ಕುಡೀತದೆ. ಇವೆರಡ್ನೂ ತೆಗ್ದಾಕ್ಬುಟ್ರೆ ಗಾಡಿ ಓಯ್ತಾನೇ ಇರ್ತದೆ."

ಈ ಮಾತಿನಲ್ಲಿ ನನಗೆ ವಿಜ್ಞಾನ ಕಂಡಿತು. ಅಂದಿನಿಂದ ಹದಿನೈದು ದಿನ ನಾವಿಬ್ಬರೂ ಸೇರಿ ಭಾರ ಇಳಿಸುವ ಮಹಾಯಜ್ಞ ನಡೆಸಿದೆವು. ಮೊದಲು ಹಿಂದಿನ ಸೀಟು ಹೋಯಿತು. ಆಮೇಲೆ ಸ್ಟೆಪ್ನಿ, ಜಾಕು, ಏಸಿ, ಸ್ಪೀಕರುಗಳು ಹೋದವು. ಅಗಲ ಟೈರು ಹೋಗಿ ತೆಳ್ಳನೆಯ ಟೈರು ಬಂತು. ರೆಕ್ಕೆ ಬಿಚ್ಚುವಾಗ ಮಾತ್ರ ನಾನು ಆ ಕಡೆ ತಿರುಗಿ ನಿಂತಿದ್ದೆ. ಇನ್ನು ಗಾಳಿ. ಅದು ಕಾರಿನ ಹೊಟ್ಟೆಯ ಕೆಳಗೆ ನುಗ್ಗಿ ಹಿಡಿದೆಳೆಯುತ್ತದಂತೆ. ಸ್ಪ್ರಿಂಗು ಕತ್ತರಿಸಿ ಕಾರನ್ನು ನೆಲಕ್ಕೆ ಇಳಿಸಿದೆವು. ಹೊಟ್ಟೆ ನುಣ್ಣಗಿರಲೆಂದು ಅಡಿಯಲ್ಲಿ ತಗಡು ಹೊಡೆದೆವು. ಆ ತಗಡು ಎಲ್ಲಿಯದು ಎಂಬ ಪ್ರಶ್ನೆ ಮನೆಯಲ್ಲಿ ಎರಡು ದಿನ ಬಿಟ್ಟು ಎದ್ದಿತು.

"ನನ್ನ ರಾಗಿ ಡಬ್ಬ ಎಲ್ರೀ?"

"ದೇಶದ ಇಂಧನ ಉಳಿಸೋ ಕೆಲಸಕ್ಕೆ ಹೋಗಿದೆ."

"ರಾಗಿ ಎಲ್ಲಿ ಸುರಿದ್ರಿ?"

"ಬಕೆಟ್ಟಲ್ಲಿ."

ಮುಂದಿನ ಎರಡು ದಿನ ನಾನು ಹೋಟೆಲಿನಲ್ಲಿ ಉಂಡೆ. ಒಂದು ದೊಡ್ಡ ಪ್ರಯೋಗಕ್ಕೆ ಮನೆಯವರಿಂದ ಸಿಗುವ ಸಹಕಾರ ಇಷ್ಟೇ.

ಜನವರಿಯ ಒಂದು ಭಾನುವಾರ ಪರೀಕ್ಷೆ. ಶಿವಮಲ್ಲಪ್ಪ ಟ್ಯಾಂಕು ಬರಿದು ಮಾಡಿ, ಕೋಮಲಳ ಕಣ್ಣೆದುರೇ ಎರಡು ಲೀಟರ್ ಅಳೆದು ಸುರಿದ. ಭಾರ ಆದೀತೆಂದು ನಾನು ತಿಂಡಿಯನ್ನೂ ತಿಂದಿರಲಿಲ್ಲ. ಅಷ್ಟರಲ್ಲಿ ಕೋಮಲ ತವರಿಗೆಂದು ಒಂದು ಗೊನೆ ರಸಬಾಳೆ ಹೊತ್ತು ಬಂದಳು.

"ಗೊನೆ ಯಾಕೆ? ಐದಾರು ಕೆ.ಜಿ. ಇದೆಯಲ್ಲ ಇದು!"

"ನಂಜನಗೂಡಿಂದ ಬರಿಗೈಲಿ ಹೋದ್ರೆ ನಮ್ಮಮ್ಮ ಏನಂತಾಳೆ? ಬೇಕಾದ್ರೆ ಇಲ್ಲೇ ಅರ್ಧ ತಿನ್ತೀನಿ ಬಿಡಿ."

"ತಿಂದ್ರೂ ಆ ಭಾರ ಕಾರಲ್ಲೇ ಬರುತ್ತೆ ಕೋಮಲಾ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಕಾರಿನೊಳಗೆ ನೋಡಿದಳು. ಮುಂದಿನ ಎಡಗಡೆ ಸೀಟೂ ಇರಲಿಲ್ಲ. ಅದನ್ನು ಹಿಂದಿನ ದಿನವಷ್ಟೇ ಬಿಚ್ಚಿಸಿದ್ದೆ. ಅವಳು ಮನೆಯಲ್ಲೇ ಉಳಿದು ಫೋನಿನಲ್ಲಿ ಫಲಿತಾಂಶ ಕೇಳಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

"ನಾನೆಲ್ಲಿ ಕೂತ್ಕೊಳ್ಲಿ?"

ನಾನು ಒಳಗೆ ಹೋಗಿ ಊಟದ ಮಣೆ ತಂದುಕೊಟ್ಟೆ. ಇದನ್ನು ಉಪಾಯ ಎನ್ನಬೇಕೋ ಬೇಡವೋ ನೀವೇ ಹೇಳಿ. ಅವಳು ಮಣೆ ಹಾಕಿಕೊಂಡು, ಗೊನೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕುಳಿತಳು. ಕಿಟಕಿಯಿಂದ ನೋಡುವವರಿಗೆ ಅವಳ ನೆತ್ತಿಯ ಹೂವೂ ಕಾಣುತ್ತಿರಲಿಲ್ಲ.

ಕಾರು ಹೊರಟಿತು. ಏನು ಹಗುರ, ಏನು ಓಟ! ಇಳಿಜಾರು ಸಿಕ್ಕಲ್ಲೆಲ್ಲ ನ್ಯೂಟ್ರಲ್ ಮಾಡಿದೆ. ಬ್ರೇಕು ತುಳಿದರೆ ಪೆಟ್ರೋಲು ದಂಡವೆಂದು ಎಮ್ಮೆ ಅಡ್ಡ ಬಂದರೂ ಹಾರ್ನಿನಲ್ಲೇ ಸುಧಾರಿಸಿದೆ. ಸುತ್ತೂರಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದ ನಮ್ಮ ಕಚೇರಿಯ ಗಂಗಾಧರಸ್ವಾಮಿ ಕೈ ಎತ್ತಿದ. ನಿಲ್ಲಿಸಲಿಲ್ಲ. ನಾನು ಎಡಕ್ಕೆ ತಿರುಗಿ ಕೋಮಲಳಿಗೆ, "ನೋಡ್ದ್ಯಾ? ಅರ್ಧ ದಾರಿ ಬಂತು, ಪೆಟ್ರೋಲ್ ಮುಳ್ಳು ಇನ್ನೂ ಅಲ್ಲೇ ಇದೆ" ಎನ್ನುತ್ತಿದ್ದೆ. ಖಾಲಿ ಕಾರಿನಲ್ಲಿ ನಾನೊಬ್ಬನೇ ಕೈ ಆಡಿಸಿಕೊಂಡು ಮಾತಾಡುತ್ತಾ ಹೋದೆನೆಂದು ಗಂಗಾಧರಸ್ವಾಮಿ ಸೋಮವಾರ ಕಚೇರಿಯಲ್ಲೆಲ್ಲ ಹೇಳಿದನಂತೆ. ಇರಲಿ, ಅವನ ವಿಷಯ ಬೇರೆ.

ಸುತ್ತೂರು ದಾಟಿ ಮೂರು ಮೈಲಿ ಹೋಗಿರಬಹುದು. ತಿರುವು ಕಳೆದರೆ ಎದುರಿಗೆ ರಸ್ತೆಯೇ ಇಲ್ಲ. ಈ ಬದಿಯಿಂದ ಆ ಬದಿಯವರೆಗೆ ಕಿತ್ತು ಒಣಗಿಸಿದ ಹುರುಳಿ ಗಿಡ ಹಾಸಿದ್ದಾರೆ! ನಮ್ಮ ಕಡೆ ಸುಗ್ಗಿಯಲ್ಲಿ ಇದೊಂದು ಪದ್ಧತಿ. ಕಣ ಮಾಡುವ ಕಷ್ಟವಿಲ್ಲ, ಎತ್ತು ಕಟ್ಟುವ ಕಷ್ಟವಿಲ್ಲ. ಬೆಳೆ ತಂದು ಟಾರು ರಸ್ತೆಗೆ ಹರಡಿ ಮರದ ಕೆಳಗೆ ಕೂತರೆ, ಹೋಗಿಬರುವ ಬಸ್ಸು ಲಾರಿಗಳು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಡುತ್ತವೆ. ಸರ್ಕಾರಿ ರಸ್ತೆಯನ್ನು ಹೀಗೆ ಕಣ ಮಾಡಿಕೊಳ್ಳುವುದನ್ನು ತಾಲ್ಲೂಕು ಕಚೇರಿಯ ನೌಕರನಾಗಿ ನಾನು ಸದಾ ಖಂಡಿಸುತ್ತ ಬಂದಿದ್ದೇನೆ. ಅಂದು ಖಂಡಿಸಲು ಸಮಯವಿರಲಿಲ್ಲ. ಬ್ರೇಕನ್ನಂತೂ ತುಳಿಯುವ ಹಾಗಿಲ್ಲ. ನುಗ್ಗಿಸಿದೆ.

ನೆಲ ಮುಟ್ಟುವಂತಿದ್ದ ನನ್ನ ಕಾರು ಆ ಹುರುಳಿಯ ಮೇಲೆ ಹೋಗಲಿಲ್ಲ, ಒಳಗೆ ಹೋಯಿತು. ರಾಗಿ ಡಬ್ಬದ ತಗಡು ಗಿಡವನ್ನೆಲ್ಲ ಬಾಚಿ ಬಾಚಿ ಹೊಟ್ಟೆಗೆ ತುಂಬಿಕೊಂಡಿತು. ನೂರು ಅಡಿ ಉದ್ದದ ಹಾಸನ್ನು ಚಾಪೆ ಸುತ್ತಿದಂತೆ ಸುತ್ತಿಕೊಂಡು, ಕಾರು ಒಮ್ಮೆ ಬಿಕ್ಕಳಿಸಿ ನಿಂತಿತು.

ಮರದಡಿಯಿಂದ ಮೊರ ಹಿಡಿದುಕೊಂಡೇ ಒಬ್ಬ ಮುದುಕಿ ಬಂದಳು. ಆ ಹುರುಳಿಯ ಒಡತಿ, ಹೆಸರು ಮಂಚಮ್ಮ. ಹಿಂದೆ ನಾಲ್ಕೈದು ಜನ ಕವೆಗೋಲು ಹಿಡಿದು ಬಂದರು. ಬೆಳೆ ಹಾಳುಮಾಡಿದೆ ಎಂದು ಜಗಳಕ್ಕೆ ಬರುತ್ತಾರೆ, ಕಾನೂನು ಹೇಳೋಣ ಎಂದು ನಾನು ಗಂಟಲು ಸರಿಮಾಡಿಕೊಂಡೆ. ಆದರೆ ಮಂಚಮ್ಮನ ದೂರೇ ಬೇರೆ ಇತ್ತು. ಅವಳು ಬಗ್ಗಿ ಚಕ್ರದ ಜಾಡಿನಿಂದ ಒಂದು ಹಿಡಿ ಎತ್ತಿ ನನ್ನ ಮುಖದ ಮುಂದೆ ಹಿಡಿದಳು.

"ನೋಡಪ್ಪ, ಒಂದು ಕಾಳಾದ್ರೂ ಉದುರ್ಯದಾ? ಬಸ್ಸು ಓದ್ರೆ ಉದುರ್ತದೆ, ಲಾರಿ ಓದ್ರೆ ಉದುರ್ತದೆ. ನಿನ್ ಗಾಡಿ ಓದ್ರೆ ಉಳ್ಳಿ ಗಿಡ ಅಂಗೇ ಎದ್ದು ಕುಂತ್ಕತದೆ. ಏನ್ ಗಾಡಿನಪ್ಪ ಇದು, ಒಂಚೂರು ಬಾರ ಬ್ಯಾಡ್ವಾ?"

ಹದಿನೈದು ದಿನದ ನನ್ನ ಸಾಧನೆಯನ್ನು ಮೊದಲು ಗುರುತಿಸಿದವಳು ಅವಳೇ. ಆದರೆ ಹೆಮ್ಮೆಪಡುವ ಸಂದರ್ಭ ಅದಲ್ಲ. ಅಷ್ಟರಲ್ಲಿ ಆ ಕಡೆಯ ಬಾಗಿಲು ತೆಗೆದು ಕೋಮಲ ಗೊನೆಯ ಸಮೇತ ಮೇಲೆದ್ದಳು. ಮಂಚಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ ನನ್ನವ್ವ! ನೆಲದ್ ಮ್ಯಾಲೆ ಕುಂತ್ಕಬಂದ್ಯಾ? ಇವ್ನು ಸೀಟ್ ಕೊಡ್ನಿಲ್ವಾ?"

"ಸೀಟ್ ಬಿಚ್ಚಿಟ್ಟವ್ರೆ ಕಣಮ್ಮ, ಪೆಟ್ರೋಲ್ ಉಳಿಸೋಕೆ" ಎಂದು ಕೋಮಲ ತವರಿನ ಮಾತಿಗೆ ಇಳಿದಳು. ಅವಳ ದನಿ ನಡುಗಿದ್ದನ್ನು ನಾನು ಮೊದಲ ಬಾರಿ ಕೇಳಿದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಮಂಚಮ್ಮನ ನ್ಯಾಯ ಅಲ್ಲೇ ಮುಗಿಯಿತು. ನಾನು ಸುತ್ತಿಕೊಂಡು ಬಂದ ಹುರುಳಿಯನ್ನು ಮತ್ತೆ ಹರಡಬೇಕು. ಹರಡಿದ್ದನ್ನು ನಾನೇ ಒಕ್ಕಿಕೊಡಬೇಕು. ತಪ್ಪಿಸಿಕೊಳ್ಳಲು ನೋಡಿದೆ.

"ಪರೀಕ್ಷೆ ಇದೆ ಕಣಮ್ಮ, ಸೋಸಲೆ ಮುಟ್ಟೋವರ್ಗೂ ಪೆಟ್ರೋಲು ಉಳಿಬೇಕು."

"ನನ್ನುಳ್ಳಿ ಉಳಿಬೇಕಲ್ಲ" ಎಂದಳು ಮಂಚಮ್ಮ.

ಕವೆಗೋಲಿನವರು ತಗಡನ್ನು ಕಿತ್ತರು. ಕಾಳು ಬಾಚುವುದಕ್ಕೆ ಚೆನ್ನಾಗಿದೆಯೆಂದು ಅದನ್ನು ಮಂಚಮ್ಮ ಇಟ್ಟುಕೊಂಡಳು. ಭಾರ ಸಾಲದೆಂದು, ನಾನು ಸೀಟು ತೆಗೆಸಿದ್ದ ಜಾಗದಲ್ಲೆಲ್ಲ ಒಕ್ಕಿಟ್ಟ ಕಾಳಿನ ಮೂಟೆ ಹೇರಿದರು. ಮೂಟೆಯ ಮೇಲೆ ಇಬ್ಬರು ಹೆಂಗಸರು ಹತ್ತಿ ಕುಳಿತರು. ಆಮೇಲೆ ನಾನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಿಸತೊಡಗಿದೆ. ಸುತ್ತಿಗೊಮ್ಮೆ ಮುಳ್ಳು ಕೆಳಗಿಳಿಯುವುದು ಕಾಣುತ್ತಿತ್ತು. ಒಂದೊಂದು ಹನಿ ಉಳಿಸಲು ನಾನು ಪಟ್ಟ ಪಾಡೆಲ್ಲ ಫಸ್ಟ್ ಗೇರಿನಲ್ಲಿ ಹೊಗೆಯಾಗಿ ಹೋಗುತ್ತಿತ್ತು. ಕೋಮಲ ಮಂಚಮ್ಮನ ಜೊತೆ ಮರದಡಿ ಕೂತು ರಸಬಾಳೆ ಸುಲಿದುಕೊಡುತ್ತಿದ್ದಳು. ಹನ್ನೊಂದನೆಯ ಸುತ್ತಿಗೆ ಕಾರು ನಿಂತಿತು. ಟ್ಯಾಂಕಿನಲ್ಲಿ ವಾಸನೆ ಮಾತ್ರ ಉಳಿದಿತ್ತು.

ಕಾರನ್ನು ಮಂಚಮ್ಮನ ಸುಪರ್ದಿಗೆ ಬಿಟ್ಟು ಬಸ್ಸಿನಲ್ಲಿ ಸೋಸಲೆ ಸೇರಿದೆವು. ದಾರಿಯುದ್ದಕ್ಕೂ ನಾನು ವಾದಿಸಿದೆ. ಇದು ಲೆಕ್ಕಕ್ಕಿಲ್ಲ, ಸುತ್ತೂರಿನವರೆಗೆ ಮುಳ್ಳು ಅಲ್ಲಾಡಿರಲಿಲ್ಲ, ಪರೀಕ್ಷೆ ಮತ್ತೆ ನಡೆಯಬೇಕು ಎಂದೆ. ಕೋಮಲ ಮಂಚಮ್ಮ ಕೊಟ್ಟ ಒಂದು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಸೀಟಿನ ಮೇಲೆ ಕೂತು ನೋಡುವ ಸುಖವನ್ನು ಅನುಭವಿಸುತ್ತಿದ್ದಳೆಂದು ಕಾಣುತ್ತದೆ.

ಮಾವ ಜಗಲಿಯಲ್ಲೇ ಕಾಯುತ್ತಿದ್ದರು. "ಏನ್ ಅಳಿಯಂದ್ರೇ, ನಡ್ಕಬತ್ತಿದೀರಿ? ಗಾಡಿ ಎಲ್ಲಿ? ಎರಡು ಲೀಟ್ರಿಗೆ ಏನ್ ಬಂತು?"

ನಾನು ಬಾಯಿ ತೆರೆಯುವಷ್ಟರಲ್ಲಿ ಕೋಮಲ ಚೀಲವನ್ನು ಅವರ ಮುಂದಿಟ್ಟಳು. "ಐದು ಸೇರು ಕಣಪ್ಪ. ಹೊಟ್ಟು ಬೇರೆ."

ನಡೆದದ್ದನ್ನೆಲ್ಲ ಅವಳೇ ಹೇಳಿದಳು. ಒಂದಕ್ಷರ ಬಿಡಲಿಲ್ಲ, ಮಣೆಯ ವಿಷಯ ಎರಡು ಸಲ ಹೇಳಿದಳು. ಮಾವ ಚೀಲಕ್ಕೆ ಕೈಹಾಕಿ ಒಂದು ಹಿಡಿ ಹುರುಳಿ ತೆಗೆದು ಅಂಗೈಯಲ್ಲಿ ಹರಡಿ, ಊದಿ, ಒಂದೊಂದೇ ಕಾಳನ್ನು ನೋಡಿದರು.

"ಒಂದ್ ಕಾಳೂ ಒಡ್ದಿಲ್ಲ, ನೋಡು" ಎಂದರು ಮಗಳಿಗೆ. "ಗಾಡಿ ಮಾರಿಸ್ಬ್ಯಾಡ ಕಣವ್ವ." ನನ್ನ ಎದೆ ಉಬ್ಬಿತು. ಕೊನೆಗೂ ಒಬ್ಬರಿಗೆ ನನ್ನ ಕಾರಿನ ಬೆಲೆ ತಿಳಿಯಿತಲ್ಲ!

ಮಾವ ನನ್ನ ಕಡೆ ತಿರುಗಿದರು. "ನಮ್ದೂ ಅರ್ಧ ಎಕರೆ ಉಳ್ಳಿ ಕಿತ್ತಾಕಿದೀನಿ ಅಳಿಯಂದ್ರೇ. ಬರೋ ಬಾನುವಾರ ಗಾಡಿ ತಂದ್ಬುಡಿ. ಸೀಟೆಲ್ಲ ಹಾಕಿಸ್ಕಬನ್ನಿ, ಬಾರ ಇರ್ಲಿ."