ಆರಡಿ ಹುಡುಗನಿಗೆ ಏಳು ಮನೆ

ಸಿಟ್ಟು ಬಂದರೆ ಊಟ ಬಿಡುವವರನ್ನು ಕಂಡರೆ ನನಗೆ ಆಶ್ಚರ್ಯ. ನನಗೆ ಸಿಟ್ಟು ಬಂದಷ್ಟೂ ಹಸಿವು ಹೆಚ್ಚು. ಏಕೀಕರಣದ ಸಭೆಗಳು ಓಣಿ ಓಣಿಯಲ್ಲಿ ನಡೆಯುತ್ತಿದ್ದ ಆ ವರ್ಷ ನಾನು ತಿಂದಷ್ಟು ರೊಟ್ಟಿ ಹಿಂದೆ ತಿಂದಿರಲಿಲ್ಲ, ಮುಂದೆಯೂ ತಿನ್ನಲಿಲ್ಲ. ಕಾರಣ ಬಾಸ್ಕೆಟ್‌ಬಾಲ್. ಗದಗಿನ ಕಾಲೇಜೊಂದರಲ್ಲಿ ನಾನು ಇತಿಹಾಸ ಹೇಳುತ್ತಿದ್ದೆ. ಮಾಸ್ತರರಲ್ಲೆಲ್ಲ ಎತ್ತರದವನು ಎಂಬ ಒಂದೇ ತಪ್ಪಿಗೆ ಪ್ರಿನ್ಸಿಪಾಲರು ಆ ಆಟವನ್ನು ನನ್ನ ತಲೆಗೆ ಕಟ್ಟಿದರು. ಚೆಂಡನ್ನು ಬುಟ್ಟಿಗೆ ಹಾಕಬೇಕು, ಆದರೆ ಆ ಬುಟ್ಟಿಗೆ ತಳವೇ ಇಲ್ಲ ಎಂದು ತಿಳಿದ ದಿನವೇ ನಾನು ಎಚ್ಚರಗೊಳ್ಳಬೇಕಿತ್ತು.

ಆಡಳಿತ ಮಂಡಳಿಯ ಅಧ್ಯಕ್ಷರದು ಒಂದೇ ಹಟ. ಹುಬ್ಬಳ್ಳಿಯಿಂದ ಕರೆತಂದ ಆಟಗಾರರು ವರ್ಷ ಮುಗಿಯುವುದರೊಳಗೆ ಗಂಟುಮೂಟೆ ಕಟ್ಟುತ್ತಾರೆ, ಅದಕ್ಕೇ ಸುತ್ತಲಿನ ಊರುಗಳಿಂದಲೇ ವರ್ಷ ವರ್ಷ ಹುಡುಗರು ಬರುವಂತೆ ದಾರಿ ಮಾಡಬೇಕು. ಮಾತೇನೋ ಸರಿಯಾಗಿಯೇ ಇತ್ತು. ರಜೆ ಬಂದಾಗಲೆಲ್ಲ ಧೂಳು ಕುಡಿಯುತ್ತ ಬಸ್ಸಿನಲ್ಲಿ ಅಲೆದೆ. ಕಂಡ ಕಂಡ ಹೈಸ್ಕೂಲ್ ಮಾಸ್ತರರಿಗೆ, 'ಉದ್ದನ್ನ ಹುಡುಗ ಇದ್ದರ ತಿಳಸ್ರಿ' ಎಂದು ಕೈಮುಗಿದೆ. ಮುಂಡರಗಿಯವರು ಕಳಿಸಿದವನು ಉದ್ದದಲ್ಲಿ ಕಡಿಮೆ ಬಿದ್ದದ್ದನ್ನು ಅಗಲದಲ್ಲಿ ಸರಿದೂಗಿಸಿದ್ದ. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರು, ನಾನು ಅವರ ಮಗನನ್ನು ಮೇಲಿಂದ ಕೆಳಗೆ ನೋಡಿದ್ದನ್ನು ಕಂಡು, 'ಹೆಣ್ಣಿನ ಕಡಿಯವರೇನ್ರಿ?' ಎಂದು ಕೇಳಿ ಒಳಗೆ ಚಹಾಕ್ಕೆ ಹೇಳಿದರು. ಕುರ್ತಕೋಟಿಯ ಹುಡುಗರು ಮೆತ್ತನೆಯ ಎರೆ ನೆಲದಲ್ಲಿ ಆಡಿ ಬೆಳೆದವರು. ನೆಲಕ್ಕೆ ಬಡಿದ ಚೆಂಡು ತಿರುಗಿ ಮೇಲೆ ಬರುತ್ತದೆ ಎಂಬ ನಂಬಿಕೆಯೇ ಅವರಿಗಿರಲಿಲ್ಲ.

ಕಡೆಗೆ ಬೆಳ್ಳಟ್ಟಿಯಲ್ಲಿ ಗುರುನಾಥ ಸಿಕ್ಕ. ಗುಡಿಯ ಅರ್ಚಕರ ಮಗ. ಬಾಗಿಲಲ್ಲಿ ಬಗ್ಗಿ ಬಂದವನು ನನ್ನ ಮುಂದೆ ನೆಟ್ಟಗಾಗುತ್ತಲೇ ಹೋದ. ಮೆಟ್ರಿಕ್ ಪಾಸಾಗಿದ್ದ, ಮುಂದೆ ಓದುವ ಆಸೆಯಿತ್ತು, ಗದಗಿನಲ್ಲಿ ಉಣ್ಣಲು ಮನೆಯಿರಲಿಲ್ಲ.

'ಫೀ ಹೆಂಗರ ಮಾಡಿ ಕಟ್ಟತೇನ್ರಿ ಮಾಸ್ತರ. ಊಟದ ವ್ಯವಸ್ಥಾ ನೀವ ನೋಡಬೇಕು' ಎಂದರು ಅವನ ತಂದೆ.

ನಾನು ಎದೆ ತಟ್ಟಿ ಒಪ್ಪಿಕೊಂಡೆ. ಬಡ ಹುಡುಗರು ವಾರಾನ್ನ ಹಚ್ಚಿಕೊಂಡು ಓದುತ್ತಿದ್ದ ಕಾಲ ಅದು. ದಿನಕ್ಕೊಂದರಂತೆ ಏಳು ಮನೆ ಹಿಡಿದರೆ ಮುಗಿಯಿತು. ಇಷ್ಟು ದೊಡ್ಡ ಗದಗ-ಬೆಟಗೇರಿಯಲ್ಲಿ ಏಳು ಮನೆ ಸಿಗುವುದಿಲ್ಲವೇ ಎಂದುಕೊಂಡೆ.

ಮೊದಲು ಅಧ್ಯಕ್ಷರ ಮನೆಗೇ ಹೋದೆ. ಹಿಂದಿನ ಸಂಜೆಯಷ್ಟೇ ಅವರು ಸಭೆಯಲ್ಲಿ, ಮುಂಬಯಿ ಪ್ರಾಂತದವರು, ನಿಜಾಮನ ಕಡೆಯವರು, ಸಂಸ್ಥಾನದವರು, ಕನ್ನಡಿಗರೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಹೇಳಿ ಶಲ್ಯದಿಂದ ಕಣ್ಣೊರೆಸಿಕೊಂಡಿದ್ದರು. ನಾನೂ ಒರೆಸಿಕೊಂಡಿದ್ದೆ. ಈಗ ಆ ತಾಯಿಯ ಒಬ್ಬ ಮಗನಿಗೆ ಒಂದು ಹೊತ್ತಿನ ಊಟ ಕೇಳಿದೆ.

'ಯಾವೂರಂವ?'

'ಬೆಳ್ಳಟ್ಟಿರಿ.'

'ಅಂದ್ರ ಮೊನ್ನಿ ಮೊನ್ನಿತನಕ ಸಂಸ್ಥಾನದಾಗಿದ್ದ ಊರು. ಅಲ್ಲಿ ಮಂದಿನ್ನ ಅಲ್ಲಿ ಮಂದೀನ ನೋಡ್ಕೋಬೇಕಲ್ರಿ, ಮಾಸ್ತರ. ಉಣ್ಣೂದು ಹೆಂಗ?'

'ಆಟಗಾರರಿ. ಚಲೋ ಉಣ್ಣತಾನ.'

'ಹಂಗಾರ ಕಠಿಣ ಐತಿ. ಸಭಾದಾಗ ಅವಗೊಂದು ಮಾಲಿ ಹಾಕೂಣು, ಆತಿಲ್ಲ?'

ಮೈಯೆಲ್ಲ ಉರಿದುಹೋಯಿತು. ನಾಡನ್ನೆಲ್ಲ ಒಂದು ಮಾಡಲು ಹೊರಟವರಿಗೆ ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚು ಹಾಕಲಾಗುವುದಿಲ್ಲ. ಮನೆಗೆ ಬಂದು ಹಲ್ಲು ಕಡಿಯುತ್ತಲೇ ಐದು ರೊಟ್ಟಿ ತಿಂದೆ. ಮರುದಿನದಿಂದ ಓಣಿ ಓಣಿ ಸುತ್ತಿ, ಬೇಡಿ, ಜಗಳಾಡಿ, ಮಾನ ಮರ್ಯಾದೆ ಬಿಟ್ಟು ಆರು ಮನೆ ಹೊಂದಿಸಿದೆ. ಏಳನೆಯದು ನಮ್ಮದೇ. ನಾವು ಯಾವ ವಾರ ಕೊಟ್ಟಿದ್ದೇವೆಂದು ಹೆಂಡತಿಗೆ ಹೇಳಿದಾಗ ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, 'ಆತು' ಎಂದು ಒಳಗೆ ಹೋದಳು. ಅವಳಿಗೆ ಹೊರೆಯಾಗದ ದಿನವನ್ನೇ ಹುಡುಕಿ ಕೊಟ್ಟಿದ್ದೆನಲ್ಲ, ಮೆಚ್ಚಿಕೊಂಡಳು ಎಂದು ಭಾವಿಸಿದೆ.

ಗುರುನಾಥ ಆಡಿದ. ರಿಂಗಿನ ಕೆಳಗೆ ಅವನು ಕೈಯೆತ್ತಿ ನಿಂತರೆ ಎದುರಿನವರಿಗೆ ಆಕಾಶವೇ ಕಾಣುತ್ತಿರಲಿಲ್ಲ. ಅವನ ಸುದ್ದಿ ಕೇಳಿ ಶಿರಹಟ್ಟಿಯಿಂದ ಇನ್ನಿಬ್ಬರು ಬರುತ್ತೇವೆಂದು ಹೇಳಿಕಳಿಸಿದರು. ಇವನು ನಿಂತರೆ ಅವರು ಬರುತ್ತಾರೆ, ಅವರ ಹಿಂದೆ ಮತ್ತೆ ನಾಲ್ವರು ಬರುತ್ತಾರೆ ಎಂದು ಹಿಗ್ಗಿದೆ. ಮಂಗಳವಾರ ಬೆಳಗಿನ ಆಟದಲ್ಲಿ ಮಾತ್ರ ಅವನ ಕಾಲೇ ಏಳುತ್ತಿರಲಿಲ್ಲ. ಮೈಗಳ್ಳ ಎಂದು ಎಲ್ಲರೆದುರು ಬೈದೆ. ಅಷ್ಟರಲ್ಲಿ ಧಾರವಾಡದ ಕಾಲೇಜೊಂದು ಹಾಸ್ಟೆಲಿನಲ್ಲಿ ಪುಕ್ಕಟೆ ಊಟ ಹಾಕುತ್ತೇವೆಂದು ಅವನನ್ನು ಕರೆಯಿತು. ಒಂದು ಮಧ್ಯಾಹ್ನ ಟ್ರಂಕು ಹಿಡಿದು ಹೇಳಿಹೋಗಲು ನಮ್ಮ ಮನೆಗೆ ಬಂದ. ಅಲ್ಲಿ ವಾರದ ಏಳೂ ದಿನ ಹೊಟ್ಟೆ ತುಂಬ ಉಣ್ಣಬಹುದು ಎಂದ.

'ಯಾರಲೇ ನಿನ್ನ ಅರೆಹೊಟ್ಟಿ ಇಟ್ಟವರು? ಹೆಸರು ಹೇಳು. ಅವರ ಮನಿ ಮುಂದ ನಿಂತು ಊರಿಗೆ ಕೇಳುವಂಗ ಬೈತೇನಿ.'

'ಬ್ಯಾಡ ಬಿಡ್ರಿ ಸರ.'

'ಹೇಳತೀಯೋ ಇಲ್ಲೋ?'

ಅವನು ನೆಲ ನೋಡುತ್ತ, 'ಸೋಮವಾರರಿ' ಎಂದ. 'ನೀವ ಉಣ್ಣದ ದಿನ ನಾ ಹೆಂಗ ಕೇಳಲಿರಿ?'

ಸೋಮವಾರ ನಮ್ಮ ಮನೆಯ ವಾರ. ಸೋಮವಾರ ನಮ್ಮ ಮನೆಯಲ್ಲಿ ಎಲ್ಲರಿಗೂ ಉಪವಾಸ. ಹಿಡಿ ಸಾಬೂದಾಣಿ, ಒಂದು ಬಾಳೆಹಣ್ಣು. ಆರಡಿಯ ಹುಡುಗನಿಗೂ ಅಷ್ಟೇ, ಬಲು ಭಕ್ತಿಯಿಂದ ಬಡಿಸಿದ್ದೆವು.

ಅವನು ಹೋದ. ಶಿರಹಟ್ಟಿಯ ಇಬ್ಬರೂ ಗದಗಿನಲ್ಲಿ ಇಳಿಯದೆ ನೆಟ್ಟಗೆ ಧಾರವಾಡಕ್ಕೇ ಹೋದರು. ಆ ಮಧ್ಯಾಹ್ನ ಅವನಿಗೆ ಬುತ್ತಿ ಕಟ್ಟಿಕೊಟ್ಟ ನನ್ನ ಹೆಂಡತಿ, ಅವನು ಓಣಿ ದಾಟಿದ ಮೇಲೆ, ಬಾಗಿಲು ಬಿಟ್ಟು ಸರಿದು ನಿಂತಳು.

'ಹೊರಗ ಹೋಗ್ರಿ' ಎಂದಳು. 'ಮನಿ ಮುಂದ ನಿಂತು ಬೈತೇನಿ ಅಂದಿದ್ರಲ್ಲ, ಬೈರಿ.'

ನಾನು ಹೋಗಿ ನಿಂತು ಗಟ್ಟಿಯಾಗಿಯೇ ಬೈದೆ. ಅಧ್ಯಕ್ಷರನ್ನು.