ಪಿಂಗಾಣಿಯ ಪಂಚಗರುಡ

ನಮ್ಮ ಯಜಮಾನರು ಹೇಡಿ. ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ. ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಅಲ್ಲವೆನ್ನಲು ಅವರಿಗೆ ಧೈರ್ಯ ಸಾಲಲಿಲ್ಲ.

ಸವಣೂರು ಸಂಸ್ಥಾನದ ಕೋರ್ಟಿನಲ್ಲಿ ಶ್ರೀಪಾದರಾಯರೆಂದರೆ ಒಳ್ಳೆಯ ವಕೀಲರೆಂದೇ ಹೆಸರು. ಆದರೆ ವಾದದ ನಡುವೆ ನ್ಯಾಯಾಧೀಶರು ಕೆಮ್ಮಿದರೂ ಕ್ಷಮೆ ಕೇಳುವರು. ಹುಬ್ಬಳ್ಳಿಗೆ ಹೋಗುವುದಿದ್ದರೆ ಮುಂಜಾನೆಯ ಗಾಡಿಗಾಗಿ ಹಿಂದಿನ ದಿನ ಸಂಜೆಯೇ ಯಲವಿಗಿ ಸ್ಟೇಷನ್ನಿಗೆ ಹೋಗಿ ಕೂಡುವರು. ಗಾಡಿ ಬಂದಾಗ ಡಬ್ಬಿಯಲ್ಲಿ ಪೊಲೀಸನೊಬ್ಬ ಕಂಡರೆ ಅದನ್ನು ಬಿಟ್ಟು ಮುಂದಿನ ಗಾಡಿ ಕಾಯುವರು. (ಅವರು ತಪ್ಪು ಮಾಡಿದವರಲ್ಲ. ತಪ್ಪು ಮಾಡಲಿಕ್ಕೂ ಧೈರ್ಯ ಬೇಕು.) ಈ ಎಲ್ಲ ಭಯಗಳ ಶಿಖರದ ಮೇಲೆ ಕುಳಿತವರು ಅವರ ತಾಯಿ, ನನ್ನ ಅತ್ತೆ, ಇಂದಿರಾಬಾಯಿಯವರು. ತಾಯಿಯ ಎದುರಿಗೆ ನಮ್ಮವರು ನನ್ನ ಹೆಸರು ಹಿಡಿದು ಕರೆದವರಲ್ಲ, ಉಂಡೆಯಾ ಎಂದು ಕೇಳಿದವರಲ್ಲ. ಏನಾದರೂ ಬೇಕಾದರೆ ಗೋಡೆಯ ಕಡೆ ಮುಖ ಮಾಡಿ, "ಛತ್ರಿ ಎಲ್ಲಿ ಅದ?" ಎನ್ನುವರು. ಗೋಡೆಯ ಪರವಾಗಿ ನಾನು ಉತ್ತರ ಕೊಡುತ್ತಿದ್ದೆ.

ನನ್ನ ವಿಷಯ ಇಷ್ಟೇ. ಪುಣೆಯಲ್ಲಿ ಸಂಸ್ಕೃತ ತೆಗೆದುಕೊಂಡು ಬಿ.ಎ. ಮಾಡಿದವಳು. ಸುಳ್ಳು ಹೇಳುವವಳಲ್ಲ. ಇದನ್ನು ಬಡಾಯಿಗೆ ಹೇಳುತ್ತಿಲ್ಲ. ನನ್ನ ಎತ್ತರ ಹೇಳಿದ ಹಾಗೆ ಹೇಳುತ್ತಿದ್ದೇನೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನಮ್ಮ ಎದುರುಮನೆಯ ವಿಧವೆ ಮಾಸೂಮಾಬೀಯವರ ಎಲೆತೋಟದ ಬದುವಿನ ಖಟ್ಲೆಯನ್ನು ನಮ್ಮವರು ಗೆದ್ದುಕೊಟ್ಟರು. (ಎದುರು ಪಕ್ಷದ ವಕೀಲ ಅವರಿಗಿಂತ ಅಂಜುಬುರುಕನಾಗಿದ್ದನೆಂದು ಕಾಣುತ್ತದೆ.) ಮಾಸೂಮಾಬೀ ಹಳೆಯ ಖಾನದಾನಿನವರು, ಮನೆಯಲ್ಲಿ ಗೋಡೆಗಳಿಗಿಂತ ಗತವೈಭವ ಹೆಚ್ಚು. ಕೃತಜ್ಞತೆಗೆ ಏನೋ ಕೊಡಬೇಕೆಂದು ಕರೆಸಿದರು. ಒಬ್ಬರೇ ಹೋಗಲು ಅಂಜಿಕೆಯಾಗಿ ನಮ್ಮವರು ನನ್ನನ್ನೂ ಕರೆದುಕೊಂಡು ಹೋದರು.

ಆಕೆ ಪೆಟ್ಟಿಗೆಯ ತಳದಿಂದ ಒಂದು ತಟ್ಟೆ ತೆಗೆದರು. ಚೀನದ ಹಳೆಯ ಪಿಂಗಾಣಿ. ಹಾಲಿನಂಥ ಬಿಳುಪಿನ ಮೇಲೆ ಮೀನಾಕಾರಿಯ ಬಣ್ಣ. ಅಂಚಿಗೆ ಹಳದಿ ಪಟ್ಟಿ, ನಡುವೆ ಎರಡು ಗುಲಾಬಿ ಬಣ್ಣದ ಹಣ್ಣು, ಅವುಗಳ ಮೇಲೊಂದು ದುಂಡನೆಯ ಬಂಗಾರದ ಅಕ್ಷರ, ಸುತ್ತಲೂ ರೆಕ್ಕೆ ಬಿಚ್ಚಿದ ಐದು ಕೆಂಪು ಬಾವಲಿ.

"ತೊಗೊಳ್ರಿ ವಕೀಲಸಾಬ್. ಬ್ಯಾಡ ಅನಬ್ಯಾಡ್ರಿ. ನಮ್ಮ ಅಜ್ಜನ ಕಾಲದ್ದು, ಮುಂಬೈಯಿಂದ ತಂದಿದ್ರು. ಇದರದೊಂದು ಮಾತೈತಿ..."

"ಇದರ ಮಾತು ನನಗೆ ಗೊತ್ತದ," ಎಂದೆ ನಾನು. ಪುಣೆಯ ಗ್ರಂಥಾಲಯದಲ್ಲಿ ಇದೇ ವಿಷಯದ ದಪ್ಪ ಪುಸ್ತಕವೊಂದನ್ನು ಓದಿದ್ದೆ. ಚೀನದವರಿಗೆ ಬಾವಲಿ ಶುಭ. ಐದು ಬಾವಲಿಯೆಂದರೆ ಐದು ಸುಖ: ದೀರ್ಘಾಯುಷ್ಯ, ಐಶ್ವರ್ಯ, ಆರೋಗ್ಯ, ಸದ್ಗುಣ, ಕೊನೆಗೆ ನಿರಾಯಾಸ ಮರಣ. ಕೆಂಪು ಬಣ್ಣ ಪೀಡೆಯನ್ನು ಓಡಿಸುತ್ತದೆ. ನಡುವಿನ ಹಣ್ಣು ಪೀಚು, ಅಮರರ ತೋಟದ್ದು. ಅಕ್ಷರದ ಅರ್ಥ ಆಯುಷ್ಯ. ನಾನು ಇದನ್ನೆಲ್ಲ ಸವಿಸ್ತಾರವಾಗಿ ವಿವರಿಸಿದೆ. ಮಾಸೂಮಾಬೀ ಎರಡು ಸಲ ಬಾಯಿ ತೆರೆದು ಎರಡು ಸಲ ಮುಚ್ಚಿದರು. ಕಡೆಗೆ ತಟ್ಟೆಯನ್ನು ನಮ್ಮವರ ಕೈಗೆ ತುರುಕಿ, ನಮ್ಮನ್ನು ಹೊರಗೆ ಕಳಿಸಿ, ಬಾಗಿಲ ಅಗಳಿಯನ್ನೂ ಹಾಕಿಕೊಂಡರು. ಎಂಥ ಸಂಕೋಚದ ಸ್ವಭಾವ, ಎಂದುಕೊಂಡೆ.

ನಮ್ಮ ಮನೆಯಲ್ಲಿ ಬಾವಲಿಯೆಂದರೆ ಏನೆಂಬುದನ್ನು ಇಲ್ಲಿ ಹೇಳಬೇಕು. ನಮ್ಮೂರ ಮಠದ ದೊಡ್ಡಹುಣಸೆ ಮರಗಳ ಕಡೆಯಿಂದ ಒಮ್ಮೆ ಒಂದು ಬಾವಲಿ ಬಂದು ನಮ್ಮ ಪಡಸಾಲೆಯಲ್ಲಿ ಸುತ್ತಿ ಹೋಯಿತು. ಅತ್ತೆ ಆ ಕ್ಷಣವೇ ಊಟ ಬಿಟ್ಟರು. ಶಾಂತಿ ಮಾಡಿಸಿ, ಮನೆಯೆಲ್ಲ ತೊಳೆಸುವವರೆಗೆ ಬರೀ ನೀರು. ಡಾಕ್ಟರು ಬಂದು, "ಇನ್ನೊಮ್ಮೆ ಹಿಂಗ ಮಾಡಿದ್ರ ಈ ಜೀವ ತಡಿಯೂದಿಲ್ಲ" ಎಂದು ನಮಗೆ ಎಚ್ಚರಿಕೆ ಕೊಟ್ಟು ಹೋದರು.

ನಾವು ತಟ್ಟೆ ಹಿಡಿದು ಬಂದಾಗ ಅಂಥ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಏನದು ಶ್ರೀಪಾದಾ?"

"ಮುಂಬೈದು ಅವ್ವಾ. ಹಳೇದು."

"ಅದರ ಮ್ಯಾಲೆ ಕೆಂಪಗ ಏನವು?"

ನಮ್ಮವರು ನನ್ನನ್ನು ನೋಡಿದರು, ಆಕಾಶ ನೋಡಿದರು.

"ಗರುಡ, ಅವ್ವಾ."

ಅತ್ತೆಯವರ ಮುಖ ಅರಳಿದ್ದನ್ನು ನಾನು ಮೊದಲ ಸಲ ಕಂಡದ್ದು ಅಂದೇ. "ಅಲ್ಲs ಮತ್ತ! ನಡುವ ಅಮೃತಕಲಶ! ಎರಡೆರಡು!" ಎಂದು ಪೀಚು ಹಣ್ಣುಗಳಿಗೆ ಕೈಮುಗಿದರು. "ಪಿಂಗಾಣಿಗೆ ಮೈಲಿಗಿ ಅಂಬೂದಿಲ್ಲ. ಉಪ್ಪಿನಕಾಯಿ ಭರಣಿ ಪಿಂಗಾಣೀದs ಅಲ್ಲೇನು? ತಾ ಇಲ್ಲೆ." ತಟ್ಟೆ ದೇವರಮನೆಗೆ ಹೋಯಿತು. ಐದು ಬಾವಲಿಗಳ ಮೇಲೆ ಐದು ತುಳಸೀದಳ ಬಿದ್ದವು.

ಅಂದಿನಿಂದ ಅತ್ತೆ ಹೊಟ್ಟೆ ತುಂಬ ಉಂಡರು. ಓಣಿಯ ಹೆಂಗಸರೆಲ್ಲ ಬಂದು ದರ್ಶನ ಮಾಡಿಕೊಂಡು ಹೋದರು. ನಾನು ದಿನಾ ಸಂಜೆ ಹಿತ್ತಲಿನಲ್ಲಿ ನಮ್ಮವರನ್ನು ಹಿಡಿದು ನಿಲ್ಲಿಸುತ್ತಿದ್ದೆ.

"ಖರೆ ಹೇಳ್ರಿ ಅವರಿಗೆ."

"ನಾಳೆ ಹೇಳ್ತೇನಿ."

"ನಿನ್ನೇನೂ ಹಂಗs ಅಂದ್ರಿ. ನಿಮ್ಮಂಥಾ ಪುಕ್ಕಲರನ್ನ ನಾ ಎಲ್ಲೂ ನೋಡಿಲ್ಲ."

"ಎಲ್ಲಾ ಕಡೆ ಹುಡಿಕಿದೇನು?"

"ನಗಬ್ಯಾಡ್ರಿ. ಸುಳ್ಳಿನ ಮ್ಯಾಲೆ ತುಳಸಿ ಏರಿಸ್ಲಿಕ್ಕತ್ತಾರ ಅವರು."

"ಹಂಗಾರ ನೀನs ಹೇಳು. ನೀ ಧೈರ್ಯದಾಕಿ ಅಲ್ಲೇನು."

"ಹೇಳಿದ ಬಾಯೇ ತಿದ್ದಿಕೊಳ್ಳಬೇಕು," ಎಂದು ನಾನು ಪುಸ್ತಕದ ಭಾಷೆಯಲ್ಲಿ ಉತ್ತರ ಕೊಟ್ಟು ಒಳಗೆ ಬಂದೆ. ಮಾತು ಗಟ್ಟಿಯಾಗಿದ್ದಾಗ ನಾನು ಪುಸ್ತಕದ ಭಾಷೆಗೆ ಹೋಗುತ್ತೇನೆ.

ದಶಮಿಯ ದಿನ ಮಠದ ಮಧ್ವೇಶಾಚಾರ್ಯರು ಮನೆಗೆ ಬಂದರು. ತಟ್ಟೆಯನ್ನು ಮಠಕ್ಕೆ ಅರ್ಪಿಸಬೇಕೆಂದು ಅತ್ತೆಯೇ ಹೇಳಿಕಳಿಸಿದ್ದರು. ಆಚಾರ್ಯರು ತಟ್ಟೆಯನ್ನು ಬೆಳಕಿಗೆ ಹಿಡಿದರು, ಹತ್ತಿರ ತಂದರು, ದೂರ ಒಯ್ದರು.

"ಗರುಡ ಒಬ್ಬನs ಇದ್ದಾನಲ್ಲಾ ಇಂದಿರಾಬಾಯಿ. ಇಲ್ಲೆ ಐದದಾವ. ಇದಕ್ಕ ಪ್ರಮಾಣ ಎಲ್ಲೆ ಅದ?"

ಅತ್ತೆ ಕೈಯಲ್ಲಿದ್ದ ಆರತಿಯನ್ನು ನನ್ನ ಕಡೆ ತಿರುಗಿಸಿದರು. "ಪ್ರಮಾಣ ನನಗೇನು ಗೊತ್ತು ಆಚಾರ್ಯರs. ನಮ್ಮ ಸೊಸಿ ಸಂಸ್ಕೃತ ಓದಿದಾಕಿ. ಆಕಿನ್ನ ಕೇಳ್ರಿ."

ಆಚಾರ್ಯರು ನನ್ನತ್ತ ತಿರುಗಿದರು. ನಮ್ಮವರು ಕಂಬದ ಹಿಂದೆ ಸರಿದರು. ಸತ್ಯ ನನ್ನ ನಾಲಗೆಯ ತುದಿಯಲ್ಲೇ ಇತ್ತು: ಮೂರಕ್ಷರ, ಬಾವಲಿ. ಆದರೆ ಡಾಕ್ಟರ ಮಾತು ನೆನಪಾಯಿತು. ಅತ್ತೆಯ ಕೈ ಇನ್ನೂ ಬಳೆ ಸಡಿಲವಾಗುವಷ್ಟು ಸಣ್ಣದಾಗಿದ್ದದ್ದು ಕಣ್ಣಿಗೆ ಬಿತ್ತು.

"ಗರುಡ ಒಬ್ಬನs, ಆಚಾರ್ಯರs," ಎಂದೆ. "ರೂಪ ಐದು. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ. ಪಂಚಪ್ರಾಣಕ್ಕ ಒಂದೊಂದು."

"ಶ್ಲೋಕ?"

ಅಲ್ಲೇ ನಿಂತು ಒಂದು ಅನುಷ್ಟುಪ್ ಕಟ್ಟಿ ಹೇಳಿದೆ. (ಛಂದಸ್ಸಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಕೊನೆಯ ಪಾದವಂತೂ ಬಹಳ ಚೆನ್ನಾಗಿ ಬಂದಿತ್ತು.) ಆಚಾರ್ಯರು ಕಣ್ಣು ಮುಚ್ಚಿ ತಲೆದೂಗಿದರು. ಶುರು ಮಾಡಿದ ಮೇಲೆ ನಿಲ್ಲಿಸುವುದು ನನ್ನಿಂದಾಗಲಿಲ್ಲ. ಎರಡು ಕಲಶಗಳಿಗೆ ಇಹ ಮತ್ತು ಪರ ಎಂದು ಅರ್ಥ ಹೇಳಿದೆ, ಚೀನದ ಅಕ್ಷರವನ್ನು ಶ್ರೀಕಾರ ಮಾಡಿದೆ.

ಅತ್ತೆ ಆರತಿ ಕೆಳಗಿಟ್ಟರು. "ಶ್ರೀಪಾದ ಹೇಳಿದಾಗ ನನಗ ಒಳಗ ಸಂಶೇ ಇತ್ತು. ಅಂವ ಅಂಜಿದ್ರ ಏನರೆ ಹೇಳ್ತಾನ. ಇಕಿ ಸುಳ್ಳ ಹೇಳೂದಿಲ್ಲ. ಇನ್ನ ನನಗ ಸಮಾಧಾನ."

ಆಗ ಕಂಬದ ಹಿಂದಿನಿಂದ ಒಂದು ದನಿ ಬಂತು.

"ಅವ್ವಾ, ಅವು ಬಾವಲಿ."

ನಮ್ಮವರು ಈಚೆ ಬಂದು ನಿಂತಿದ್ದರು. ಒಂದು ಕೈ ಇನ್ನೂ ಕಂಬದ ಮೇಲಿತ್ತು. "ಐದೂ ಬಾವಲಿ. ಎದುರಮನಿ ಮಾಸೂಮಾಬೀ ಕೊಟ್ಟದ್ದು. ನಾ ಅಂಜಿ ಗರುಡ ಅಂದೆ."

ಅತ್ತೆ ತಟ್ಟೆಯ ಕಡೆ ಬಗ್ಗಿ ಐದನ್ನೂ ಒಂದೊಂದಾಗಿ ನೋಡಿದರು. ಆಮೇಲೆ, "ಅವರು ಅದರಾಗ ಉಂಡಾರೇನು?" ಎಂದರು.

"ಕೇಳಿ ಬರ್ತೇನಿ," ಎಂದು ನಮ್ಮವರು ಬರಿಗಾಲಿನಲ್ಲಿ ಓಣಿ ದಾಟಿ ಹೋಗಿ, ಮಾಸೂಮಾಬೀಯವರನ್ನೇ ಕರೆದು ತಂದರು. ಆಕೆ ಕಟ್ಟೆಯ ಹತ್ತಿರ ನಿಂತು ಕೈಯಾಡಿಸಿದರು.

"ಉಣ್ಣೂದೇನ್ರಿ ಬಾಯಾರ! ಬಾವಲಿ ಇದ್ದ ತಟ್ಟ್ಯಾಗ ಯಾರು ಉಣ್ತಾರ? ನಮ್ಮ ಅಜ್ಜಿ ಅದನ್ನ ನೋಡಿದ ದಿನಾನ ಪೆಟಿಗ್ಯಾಗ ಬೋರಲ ಹಾಕಿದ್ಲು. ಮನ್ಯಾಗ ಅಪಶಕುನ ಬ್ಯಾಡ ಅಂತ, ಯಾರಿಗೆ ದಾಟಿಸೂಣು ಅಂತ ನೋಡಾಕತ್ತಿದ್ವಿ."

"ನಮಗ ದಾಟಿಸಿದಿ!"

"ಹೇಳಬೇಕಂತ ಎರಡ ಸಲ ಬಾಯಿ ತೆಗದೆರಿ. ನಿಮ್ಮ ಸೊಸಿ ಚೀನಾದ ಪುರಾಣ ಚಾಲೂ ಮಾಡಿದ್ರು. ನಡುವ ಬಾಯಿ ಹಾಕಾಕ ಜಾಗಾನ ಸಿಗಲಿಲ್ಲ."

"ಇಕಿ ಬಾಯಿಗೆ ಬಾಗಲs ಇಲ್ಲ ಬಿಡು," ಎಂದರು ಅತ್ತೆ. ಆಮೇಲೆ ಇಬ್ಬರು ಮುದುಕಿಯರೂ ನಕ್ಕರು. ನಾನು ನಗಲಿಲ್ಲ. ಊಟ ಬಿಡುತ್ತಾರೆಂದು ನಾವು ಜೀವ ಕೈಯಲ್ಲಿ ಹಿಡಿದಿದ್ದರೆ, ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿ, "ನಾಳೆ ಏಕಾದಶಿ. ಹೆಂಗೂ ಉಪಾಸ ಮಾಡೂದs ಅದ. ಪ್ರಾಯಶ್ಚಿತ್ತ ಅದರಾಗs ಮುಗೀತು," ಎಂದು ತೀರ್ಪು ಕೊಟ್ಟರು. "ಮಾವಿನಕಾಯಿ ಭರಣಿ ಮುಚ್ಚಳ ಒಡದದ. ಈ ತಟ್ಟಿ ಬೋರಲ ಹಾಕ್ರಿ. ಬಾವಲಿ ತಲಿಕೆಳಗs ಇರಬೇಕಾದ್ದು."

ತಲೆಕೆಳಗಾದ ಬಾವಲಿಯೆಂದರೆ ಸುಖ ಮನೆಗೆ ಬಂದಿಳಿಯಿತೆಂದು ಚೀನದವರ ಅರ್ಥ. ಇದನ್ನು ತಿಳಿಸಬೇಕೆಂದು ನಾನು ಬಾಯಿ ತೆರೆದೆ.

"ನೀ ಸುಮ್ಮಕಿರು," ಎಂದರು ಅತ್ತೆ. ನಗು ಹೋಗಿತ್ತು. "ಅಂವ ಹುಟ್ಟಾ ಅಂಜುಬುರುಕ, ಅವಂದು ಬಿಡು. ನೀ ಯಾಕ ಸುಳ್ಳ ಹೇಳಿದಿ? ದೇವರ ಮುಂದ, ಆಚಾರ್ಯರ ಮುಂದ? ಆ ಶ್ಲೋಕ ಎಲ್ಲಿಂದ ತಂದಿ?"

ಬಿ.ಎ. ಪರೀಕ್ಷೆಯಲ್ಲಿ ಕೂಡ ನನ್ನ ಬಾಯಿ ಹಾಗೆ ಒಣಗಿರಲಿಲ್ಲ.

"ನಾ ಕಲಿಸಿದ್ದೆ, ಅವ್ವಾ," ಎಂದರು ನಮ್ಮವರು.

"ಶ್ಲೋಕಾನೂ?" ಎಂದರು ಆಚಾರ್ಯರು.

"ಹೌದ್ರಿ. ಆಕಿ ಒಲ್ಲೆ ಅಂದ್ಲು. ನಾನs ಹಟಾ ಮಾಡಿ ಬಾಯಿಪಾಠ ಮಾಡಿಸಿದೆ."

ಅನುಷ್ಟುಪ್ಪಿಗೂ ಹರಾಜಿನ ನೋಟೀಸಿಗೂ ವ್ಯತ್ಯಾಸ ತಿಳಿಯದ ಮನುಷ್ಯ! ಆದರೂ ಅಲ್ಲಿದ್ದವರೆಲ್ಲ ತಕ್ಷಣ ನಂಬಿದರು. ಅವರು ನಂಬಿದ ವೇಗವನ್ನು ನಾನು ಇಂದಿಗೂ ಕ್ಷಮಿಸಿಲ್ಲ. "ವಕೀಲರs, ನಿಮ್ಮೊಳಗ ಇಂಥಾ ಪಾಂಡಿತ್ಯ ಇದ್ದದ್ದು ಗೊತ್ತಿರಲಿಲ್ಲ. ಕೊನೇ ಪಾದಂತೂ ಬಹಳ ಛಲೋ ಅದ," ಎಂದು ಆಚಾರ್ಯರು ಅವರ ಬೆನ್ನು ತಟ್ಟಿದರು. ಅತ್ತೆ ನನ್ನನ್ನು ನೋಡಿ, "ಗಂಡನ ಮಾತು ಮೀರಲಿಲ್ಲ ಪಾಪ," ಎಂದರು. ಶ್ಲೋಕ ನನ್ನದು ಎನ್ನಬೇಕಾದರೆ ಸುಳ್ಳೂ ನನ್ನದು ಎನ್ನಬೇಕಿತ್ತು. ಸುಮ್ಮನೆ ನಿಂತೆ.

ನಮ್ಮವರು ಒಳಗೆ ಹೋದರು. ಛತ್ರಿ ಹುಡುಕಲು ಹೋಗಿರಬೇಕು ಎಂದುಕೊಂಡೆ. ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಬಂದರು. ಆಚಾರ್ಯರನ್ನು ದಾಟಿ, ತಾಯಿಯನ್ನು ದಾಟಿ, ಗೋಡೆಯ ಕಡೆ ನೋಡದೆ ನೇರ ನನ್ನ ಹತ್ತಿರ ಬಂದು ನಿಂತರು.

"ಶಾಮಲಾ, ನೀರು ಕುಡಿ."

ನೀರಿನಲ್ಲಿ ಒಂದು ಇರುವೆ ತೇಲುತ್ತಿತ್ತು. ಹೇಳದೆ ಕುಡಿದೆ.