ಎರಡನೇ ಸಾಕ್ಷಿ

ನಮ್ಮ ಭಾವನವರು ತಾವು ಸಿರುಗುಪ್ಪದಲ್ಲಿ ಹುಟ್ಟಿದ್ದನ್ನು ಇನ್ನೂ ಪೂರ್ತಿ ನಂಬಿಲ್ಲ. ಅದಕ್ಕೆ ಅವರ ತಾಯಿಯದು ಒಂದೇ ಸಾಕ್ಷಿಯಂತೆ. ಇನ್ನೊಂದು ಸಾಕ್ಷಿಯಾಗಬೇಕಿದ್ದ ಸೂಲಗಿತ್ತಿ ತೀರಿಕೊಂಡಳಂತೆ. ಇಂಥವರು ಕುರುಗೋಡಿನ ಕಡೆ ಒಂದು ಮಠದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾರೆ. ಗೋಡೆಯ ಆಚೆ ಮಠದ ನಂಬಿಕೆ, ಈಚೆ ನಮ್ಮ ಭಾವ! ಕೆಲಸ ಇನ್ನೂ ಕಾಯಂ ಆಗಿಲ್ಲ ಎಂದರೆ ಏನಾಶ್ಚರ್ಯ?

ಅಕ್ಕನನ್ನು ನೋಡಲು ಬಂದ ದಿನ ತೆಕ್ಕಲಕೋಟೆಯ ನಮ್ಮ ಸೋದರಮಾವ, "ಹುಡುಗಿ ಅಡಿಗಿ ಚಲೋ ಮಾಡ್ತಾಳ" ಎಂದರು. ಭಾವ ಗಂಭೀರವಾಗಿ, "ನೀವು ಮನಿಯವರಾತು. ಹೊರಗಿನವರು ಯಾರು ಉಂಡಾರ್ರಿ?" ಎಂದು ಕೇಳಿದರು. ನಾನು ಓಡಿಹೋಗಿ ಪಕ್ಕದ ಮನೆಯವರನ್ನು ಕರೆತಂದೆ. ಆಗಿನ್ನೂ ಬಳ್ಳಾರಿಯ ಗಾಂಧಿನಗರದ ಫುಟ್‌ಪಾತಿನಲ್ಲಿ ಪ್ಯಾಂಟು ಮಾರುತ್ತಿದ್ದೆ. ಗಿರಾಕಿ ಕೇಳಿದ್ದನ್ನು ಒದಗಿಸದೆ ವ್ಯಾಪಾರ ಕುದುರುವುದಿಲ್ಲ. ನೀವೂ ನೆನಪಿಟ್ಟುಕೊಳ್ಳಿ.

ಈ ವರ್ಷ ಮಠದ ಉತ್ಸವಕ್ಕೆ ಶಾಲೆಯಲ್ಲೊಂದು ಪ್ರದರ್ಶನ. ಮಕ್ಕಳು ಮನೆಯಿಂದ ಹಳೆಯ ವಸ್ತು ತರಬೇಕು, ಅದರ ಕಥೆಯನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು, ಕೆಳಗೆ ಇಬ್ಬರು ಸಾಕ್ಷಿ ಇರಬೇಕು. ಇದು ಭಾವನ ಕಾನೂನು. ಒಬ್ಬ ಹುಡುಗ ಅಜ್ಜನ ಬಾರುಕೋಲು ತಂದ. ಒಂದನೇ ಸಾಕ್ಷಿ ಅಜ್ಜ, ಎರಡನೆಯದು ಅಪ್ಪನ ಬೆನ್ನು. ಭಾವ ಎರಡನ್ನೂ ಒಪ್ಪಿದರು.

ದೇಶನೂರಿನ ಹುಡುಗಿಯೊಬ್ಬಳು ನೆಗ್ಗಿದ ಅಲ್ಯೂಮಿನಿಯಂ ತಾಟು ತಂದಳು. ಚೀಟಿಯಲ್ಲಿ ಬರೆದದ್ದು ಇಷ್ಟು: "ಈ ಮಠದ ದಾಸೋಹದಲ್ಲಿ ಎಲ್ಲರಿಗೂ ಒಳಗೆ ಎಲೆ ಹಾಕುತ್ತಿದ್ದರು. ನಮ್ಮ ಕೇರಿಯವರು ಹುಣಸೆ ಮರದ ಕೆಳಗೆ ಕೂಡಬೇಕಿತ್ತು. ತಾಟು ಮನೆಯಿಂದ ತರಬೇಕಿತ್ತು." ಒಂದನೇ ಸಾಕ್ಷಿ ಅವಳ ಅಜ್ಜಿ. ಎರಡನೆಯದು ಖಾಲಿ.

ಉತ್ಸವದ ಬೆಳಿಗ್ಗೆ ಅದು ಶಾಲಾ ಸಮಿತಿಯ ಅಧ್ಯಕ್ಷರ ಕಣ್ಣಿಗೆ ಬಿತ್ತು.

"ಮಾಸ್ತರ, ಸ್ವಾಮ್ಯಾರು ಬರೂದ್ರೊಳಗ ಇದನ್ನ ತೆಗೀರಿ. ಇಲ್ಲಾಂದ್ರ ನಾಳಿಂದ ಸಾಲಿಗೆ ಬರಬ್ಯಾಡ್ರಿ."

"ಸಂಜೀತನಕ ಎರಡನೇ ಸಾಕ್ಷಿ ಸಿಗದಿದ್ರ ನಾನ ತೆಗೀತೀನಿ. ನೀವು ಹೇಳಿದ್ರಂತ ತೆಗಿಯಂಗಿಲ್ಲ."

ಅಕ್ಕನ ಫೋನು ಬಂತು. ಅಂಗಡಿ ಬಿಟ್ಟು ಬಳ್ಳಾರಿಯಿಂದ ಬೈಕಿನಲ್ಲಿ ಹಾರಿದೆ. ಜಗಳವೂ ಒಂದು ಮಾಲೇ ಅಲ್ಲವೇ? ಇಬ್ಬರೂ ಅಷ್ಟಿಷ್ಟು ಇಳಿದರೆ ತೀರಿತು. "ತಾಟು ಇರಲಿ, ಚೀಟಿ ಹೋಗ್ಲಿ" ಎಂದೆ. ಅಧ್ಯಕ್ಷರು ಕೂಡಲೇ ಒಪ್ಪಿದರು.

"ಚೀಟಿ ಇಲ್ಲದ ತಾಟು ಭಾಂಡೆ ಅಂಗಡ್ಯಾಗೂ ಐತಿ ಲೇ" ಎಂದರು ಭಾವ.

ಆ ಹುಡುಗಿ ಮೇಜಿನ ಅಂಚು ಬಿಗಿಯಾಗಿ ಹಿಡಿದು ನಮ್ಮ ಮೂವರ ಮುಖವನ್ನೂ ನೋಡುತ್ತಿದ್ದಳು. ಇನ್ನೊಂದು ದರ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸ್ವಾಮಿಗಳೇ ಬಂದುಬಿಟ್ಟರು. ಅಧ್ಯಕ್ಷರು ಕೈಮುಗಿದು ತಾಟಿಗೆ ಅಡ್ಡ ನಿಂತರು. ಅವರ ಹೊಟ್ಟೆ ಬಾರುಕೋಲಿನಿಂದ ತಾಟಿನವರೆಗೆ ಎಲ್ಲವನ್ನೂ ಮುಚ್ಚಿತು.

"ಜರಾ ಸರೀರಿ" ಎಂದರು ಮುದಿ ಸ್ವಾಮಿಗಳು.

ಓದಿದರು. ಇನ್ನೊಮ್ಮೆ ಓದಿದರು. ಭಾವನ ನೌಕರಿ ಆ ಚೀಟಿಯ ತುದಿಯಲ್ಲಿ ಜೋತಾಡುತ್ತಿರುವುದು ನನಗೆ ಕಾಣುತ್ತಿತ್ತು.

"ಎರಡನೇದು ನನ್ನ ಹೆಸರು ಬರಿಯವ್ವಾ."

ಹುಡುಗಿ ಪೆನ್ನು ತೆಗೆದಳು. ಬರೆಯಲಿಲ್ಲ. "ನೀವು ಕಣ್ಣಾರೆ ಕಂಡೀರೇನ್ರಿ ಅಜ್ಜಾರ? ಇಲ್ಲಾ ಯಾರರ ಹೇಳಿದ್ದು ಕೇಳೀರೇನ್ರಿ?"

ಭಾವ ದಿನವೂ ಕ್ಲಾಸಿನಲ್ಲಿ ಕೇಳುವ ಪ್ರಶ್ನೆ, ಒಂದಕ್ಷರವೂ ಬದಲಾಗದೆ!

"ಕಂಡೀನವ್ವಾ" ಎಂದರು ಸ್ವಾಮಿಗಳು. "ಆಗ ನಾನು ಮಠದ ಮರಿಸ್ವಾಮಿ. ಆ ತಾಟಿಗೆ ಮುಟ್ಟದಂಗ ಮ್ಯಾಲಿಂದ ನೀಡಿದಾವ ನಾನ."

ಆಗ ಅವಳು ಬರೆದಳು. ಅಧ್ಯಕ್ಷರು ನೆಲ ನೋಡುತ್ತ ಹೊರಗೆ ಹೋದರು.

ಭಾವ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು.

"ಅಳಾಕತ್ತೀರೇನು ಭಾವಾರ?"

"ಇಲ್ಲ."

"ನಾನು ಕಂಡೀನಿ."

"ನಿಂದೊಂದ ಸಾಕ್ಷಿ ಆತು" ಎಂದರು.

ತಾಟಿನ ಪಕ್ಕದಲ್ಲಿ ಆ ಹುಡುಗಿ ಮೆಲ್ಲಗೆ ಕೈ ಎತ್ತಿದಳು.